ಕರಬಾವ್ ತಂಡದ ಕೊನೆಯ ಪಂದ್ಯ

ಬರೊತಾಕ್ ನುಯೆವೊ,
ಮಂಗಳವಾರ, ನವೆಂಬರ್ ೧೯

ಪ್ರೀತಿಯ ತಮ್ಮಾ ಸಿಯಾನೊ,

ನಿನ್ನ ಬೆನ್ನುನೋವು ಹೇಗಿದೆ? ಇಂಜಿನ್ ಕೋಣೆಯ ಬೆಂಕಿಯಿಂದ ಎದ್ದು ನೇರವಾಗಿ ಗಾಳಿಗೆ ಹೋಗಿ ನಿಲ್ಲಬೇಡ ಎಂದು ಎಷ್ಟು ಸಲ ಹೇಳಿದ್ದೇನೋ, ನೀನು ಎಷ್ಟು ಸಲ ಕೇಳಿಲ್ಲವೋ. ಈ ಕಾಗದದ ಜೊತೆ ಒಂದು ಸೀಸೆ ತೆಂಗಿನೆಣ್ಣೆ ಇದೆ, ಶುಂಠಿ ಹಾಕಿ ಕಾಯಿಸಿದ್ದು. ಹಚ್ಚಿಕೋ. ಅಡುಗೆಗೆ ಹಾಕಿಬಿಟ್ಟೀಯ ಜೋಕೆ. ಒಣಮೀನು ಎರಡು ಕಟ್ಟು ಇದೆ, ಒಂದು ನಿನಗೆ, ಇನ್ನೊಂದು ನಿನ್ನ ಕ್ಯಾಪ್ಟನ್‌ಗೆ. ಪಕ್ಕದ ಮನೆಯ ರೋನೆಲ್ ಗುರುವಾರ ತೈವಾನ್ ಬಂದರಿನಲ್ಲಿ ನಿನ್ನ ಹಡಗು ಹತ್ತುತ್ತಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ನನ್ನ ಆರೋಗ್ಯ ಹಾಗೇ ಇದೆ. ಮಂಡಿ ನೋಯುತ್ತದೆ, ಬಾಯಿ ನೋಯುವುದಿಲ್ಲ. ನಿನ್ನ ಒಂದು ಸಾಲಿನ ಸಂದೇಶ ಭಾನುವಾರ ಬಂತು. ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲಿಲ್ಲ, ಬೇಕೆಂದೇ ಕೊಡಲಿಲ್ಲ. ಇದು ಒಂದು ಸಾಲಿನಲ್ಲಿ ಮುಗಿಯುವ ವಿಷಯವಲ್ಲ. ಕುಳಿತು ಓದು. ಕೊನೆಯ ಹಾಳೆಯನ್ನು ಮೊದಲು ನೋಡುವ ನಿನ್ನ ಹಳೆಯ ಚಟ ಈ ಒಂದು ಸಲ ಬಿಡು.

ಏಪ್ರಿಲ್‌ನಲ್ಲಿ ನೀನು ಹೊರಟ ದಿನ ನನ್ನ ಊಟದಂಗಡಿಯ ಮೇಜು ಗುದ್ದಿ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಒಂದು ಸೀಸನ್ ಕೊಡ್ತೀನಿ. ನಿಮ್ಮ ಕೋಣಗಳು ಮೊದಲ ನಾಲ್ಕರೊಳಗೆ ಬಂದ್ರೆ ಸಾಯೋವರೆಗೂ ಚೆಂಡು ಒದೀತಾ ಇರು, ನಾನು ತುಟಿ ಬಿಚ್ಚಲ್ಲ. ಬರ್ಲಿಲ್ವೋ, ಸುಮ್ನೆ ಹಡಗು ಹತ್ತು. ಚೆಂಡು ಯಾವತ್ತಾದ್ರೂ ಅನ್ನ ಹಾಕುತ್ತೇನೋ?" ಜೋಬೆರ್ತ್ ತಲೆ ಎತ್ತದೆ "ಆಯ್ತಪ್ಪ" ಅಂದ. ನಿನ್ನ ಮಗ ಜಗಳವಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಈ ಊರಿನಲ್ಲಿ ಮಕ್ಕಳು ನಡೆಯುವ ಮೊದಲು ಚೆಂಡು ಒದೆಯುತ್ತವೆ, ನೀನೂ ಒದ್ದವನೇ. ಅವನಿಗೆ ಇಪ್ಪತ್ತೆರಡು ವರ್ಷ. ನಮ್ಮ ಸೀಮೆಗೆ ಮೊದಲ ಸಲ, ಕರಬಾವ್ ಎಂದು ಕೋಣದ ಹೆಸರನ್ನೇ ಇಟ್ಟುಕೊಂಡ ಒಂದು ವೃತ್ತಿಪರ ತಂಡ ಬಂದಿದೆ, ಆ ತಂಡದ ಹಿಂದಿನ ಸಾಲಿನ ನಟ್ಟನಡುವೆ ನಿಲ್ಲಲು ಇವನನ್ನೇ ಆರಿಸಿದ್ದಾರೆ. ಹೊಟ್ಟೆ ತುಂಬ ಸಂತೋಷಪಡುವ ಹೊತ್ತಿನಲ್ಲಿ ನೀನು ಅವನ ಕುತ್ತಿಗೆಗೆ ಷರತ್ತು ಕಟ್ಟಿ ಹೋದೆ.

ಷರತ್ತು ಕಟ್ಟಿದ್ದು ಅವನಿಗೆ, ನಿದ್ದೆ ಕೆಟ್ಟಿದ್ದು ನನಗೆ. ಮೊದಲ ಪಂದ್ಯಗಳಲ್ಲಿ ನಮ್ಮವರು ಸೋತ ರೀತಿಯನ್ನು ಕಾಗದದಲ್ಲಿ ಬರೆಯಲು ನಾಚಿಕೆ. ಮನಿಲಾದಲ್ಲಿ ಸೋತರು, ಸೆಬುವಿನಲ್ಲಿ ಸೋತರು, ಇಲ್ಲೇ ನಮ್ಮ ಮೈದಾನದಲ್ಲಿ ನಮ್ಮ ಕಣ್ಣೆದುರಿಗೂ ಸೋತರು. ಮೀನು ಮಾರುವ ಹೆಂಗಸರು ನನ್ನ ಅಂಗಡಿಗೆ ಬಂದು "ಪುರಿಂಗಕ್ಕಾ, ನಿಮ್ಮ ಹುಡುಗನಿಗೆ ಹಡಗಿನ ಬಟ್ಟೆ ಹೊಲಿಸಿ ಆಯ್ತಾ?" ಎಂದು ಕೇಳುತ್ತಿದ್ದರು. ನಾನು ಅವರ ಸಾರಿಗೆ ನೀರು ಬೆರೆಸಿ ಸೇಡು ತೀರಿಸಿಕೊಂಡೆ. ಕೋಚ್ ದಾದೊಯ್ ನಿನಗೆ ಗೊತ್ತಲ್ಲ, ನಿನ್ನ ಜೊತೆ ಆಡಿದ ಅದೇ ಕುಳ್ಳ, ಅವನು ಮಾತ್ರ ಹುಡುಗರನ್ನು ಮಳೆಯಲ್ಲಿ ನಿಲ್ಲಿಸಿ "ನೀವು ಕೋಣಗಳು ಕಣ್ರೋ! ಕೋಣಕ್ಕೆ ಕೆಸರು ಅಂದ್ರೆ ತವರುಮನೆ. ಅವರನ್ನ ಕೆಸರಿಗೆ ಎಳೀರಿ!" ಎಂದು ಕೂಗುತ್ತಿದ್ದ. ಮಳೆಗಾಲ ಹಿಡಿದ ಮೇಲೆ ಅವನ ಮಾತು ನಿಜವಾಯಿತು. ದವಾವ್‌ನಿಂದ ಬಂದವರು ನಮ್ಮ ಮೈದಾನದಲ್ಲಿ ಜಾರಿ ಜಾರಿ ಬಿದ್ದರು. ಅವರ ಕಡೆಯವರು "ಏ ಕೋಣಗಳಾ, ಹೋಗಿ ಗದ್ದೆ ಉಳ್ರೋ!" ಎಂದು ಕಿರುಚಿದರೆ, ನಮ್ಮ ಜನ "ಉಳ್ತಾ ಇದೀವಿ ಬನ್ನಿ, ನಿಮ್ಮನ್ನೇ ನಾಟಿ ಮಾಡ್ತೀವಿ!" ಎಂದರು. ಅವತ್ತು ಗೆದ್ದೆವು. ಆಮೇಲೆ ಮತ್ತೆ ಗೆದ್ದೆವು. ಜೋಬೆರ್ತ್ ಗೋಡೆ ಕಟ್ಟಿದ ಹಾಗೆ ಆಡಿದ. ದೃಷ್ಟಿ ತಾಕದಿರಲಿ ಎಂದು ನಾನು ಬರೆಯುವಾಗಲೂ ಮೇಜಿನ ಮರ ಮುಟ್ಟುತ್ತಿದ್ದೇನೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ನಾವು ನಾಲ್ಕನೆಯ ಜಾಗದಲ್ಲಿದ್ದೆವು, ಬೆನ್ನಿಗೇ ಮನಿಲಾದವರು ಇದ್ದರು, ಕೊನೆಯ ಪಂದ್ಯವೂ ಅವರ ಜೊತೆಗೇ ಇತ್ತು. ಸಮ ಮಾಡಿಕೊಂಡರೂ ಸಾಕಿತ್ತು. ಆ ಮೀನಿನ ಹೆಂಗಸರೇ ಈಗ ಬಂದು ಅವನ ತಟ್ಟೆಗೆ ದೊಡ್ಡ ತುಂಡು ಹಾಕಿ ಹೋಗುತ್ತಿದ್ದರು.

ಆ ಕೊನೆಯ ಪಂದ್ಯದ ವಾರವೇ ನಿನ್ನ ಹಡಗಿನ ಸುದ್ದಿ ನಿಂತುಹೋಯಿತು. ಉತ್ತರದಲ್ಲಿ ಚಂಡಮಾರುತ ಎದ್ದಿದೆ, ಹಡಗುಗಳು ದಾರಿ ಬದಲಿಸಿವೆ ಎಂದು ರೇಡಿಯೋದವರು ಹೇಳಿದರು. ಯಾವ ಹಡಗು, ಯಾವ ದಾರಿ, ಒಂದೂ ಹೇಳಲಿಲ್ಲ. ಏಜೆಂಟನ ಕಚೇರಿಗೆ ಫೋನ್ ಮಾಡಿದರೆ ಒಬ್ಬ ಹುಡುಗಿ ಜೇನಿನಂಥ ದನಿಯಲ್ಲಿ "ಸಂಪರ್ಕ ಸಿಕ್ಕಿಲ್ಲ ಮೇಡಂ, ಆತಂಕ ಬೇಡ ಮೇಡಂ" ಎಂದಳು. ಆತಂಕ ಬೇಡ ಎಂದು ಹೇಳಿದವರನ್ನು ನಾನು ಜನ್ಮದಲ್ಲಿ ನಂಬಿಲ್ಲ. ಗುರುವಾರ ಹೋಯಿತು, ಶುಕ್ರವಾರ ಹೋಯಿತು. ಜೋಬೆರ್ತ್ ಅಭ್ಯಾಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಅನ್ನ ಕಲಸಿ ಹಾಗೇ ಬಿಡುತ್ತಿದ್ದ. ನಿನ್ನ ಹೆಸರು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದೆವು.

ಶನಿವಾರದ ಪಂದ್ಯ ಮೂರೂವರೆಗೆ ಶುರುವಾಗಬೇಕಿತ್ತು. ಇಡೀ ಸೀಸನ್ ಹಾಗೇ ನಡೆದದ್ದು, ಚರ್ಚಿನ ಎದುರಿನ ಮೈದಾನವಾದ್ದರಿಂದ ಆರರ ಪ್ರಾರ್ಥನೆಯ ಗಂಟೆಯ ಒಳಗೆ ಆಟ ಮುಗಿಯಬೇಕು ಎಂದು ಪಾದ್ರಿಗಳಿಗೂ ದಾದೊಯ್‌ಗೂ ಒಪ್ಪಂದ. ಆದರೆ ಅವತ್ತು ಸಿಡಿಲು ಬಡಿಯಿತು. ರೆಫರಿ ಎಲ್ಲರನ್ನೂ ಸೂರಿನ ಕೆಳಗೆ ಕಳಿಸಿದ. ಮಳೆ ಬಿಟ್ಟು ಮತ್ತೆ ಆಟ ಶುರುವಾಗುವಾಗ ದೀಪ ಹಾಕಬೇಕಾಯಿತು. ಗಂಟೆ ಹೊಡೆಯುವ ಮುದುಕನಿಗೆ ಇವತ್ತು ಸ್ವಲ್ಪ ತಡಮಾಡು ಎಂದು ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮವರು ಒಂದು ಗೋಲು ಹಾಕಿದರು, ಅವರು ಒಂದು ಹಾಕಿದರು. ಆಮೇಲೆ ಮನಿಲಾದವರು ಅಲೆ ಅಲೆಯಾಗಿ ನುಗ್ಗಿ ಬರುತ್ತಿದ್ದರು. ಅವರಲ್ಲಿ ತೋಬಿಯಾಸ್ ಎಂಬ ಉದ್ದನೆಯ ಹುಡುಗನಿದ್ದಾನೆ, ತಾಯಿ ನಮ್ಮ ಪಕ್ಕದ ದುಮಾಂಗಾಸ್‌ನವಳು, ತಂದೆ ಜರ್ಮನಿಯವನು, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅವನು ಓಡಿ ಬಂದಾಗಲೆಲ್ಲ ಜೋಬೆರ್ತ್ ಕಾಲು ಚಾಚಿ ಚೆಂಡು ಕಿತ್ತುಕೊಂಡ. ಒಂದು ಸಲ ಎದೆಯಿಂದ, ಒಂದು ಸಲ ಮುಖದಿಂದಲೇ ತಡೆದ. ಮೂಗಿನಲ್ಲಿ ರಕ್ತ ಬಂತು, ಒರೆಸಿಕೊಂಡು ಮತ್ತೆ ನಿಂತ. ಇನ್ನೇನು ಸ್ವಲ್ಪ ಹೊತ್ತು. ನನ್ನ ಪಕ್ಕದಲ್ಲಿದ್ದ ಬಟ್ಟೆ ಹೊಲಿಯುವವನು ಜಪಮಾಲೆಯನ್ನೇ ಬಾಯಿಯಲ್ಲಿ ಕಚ್ಚಿ ಹಿಡಿದಿದ್ದ.

ಆಗ ಗಂಟೆ ಹೊಡೆಯಿತು, ಸಿಯಾನೊ.

ನಮ್ಮೂರು ನಿನಗೆ ಗೊತ್ತು. ಸಂಜೆಯ ಗಂಟೆ ಕೇಳಿದರೆ ಎತ್ತಿದ ಹೆಜ್ಜೆ ಎತ್ತಿದಲ್ಲೇ ನಿಲ್ಲುವ ಊರು. ಟೊಪ್ಪಿಗೆಗಳು ಕೆಳಗಿಳಿದವು, ಕಡಲೆಕಾಯಿ ಮಾರುವವನು ನಿಂತ, ಕೂಗುತ್ತಿದ್ದ ಸಾವಿರ ಬಾಯಿ ಒಮ್ಮೆಗೇ ಮುಚ್ಚಿತು. ಮೈದಾನದ ಒಳಗಿನ ಹುಡುಗರೂ ನಿಂತುಬಿಟ್ಟರು. ಈ ಮೈದಾನದಲ್ಲೇ ಬೆಳೆದವರಲ್ಲವೇ, ಚಿಕ್ಕಂದಿನಿಂದ ಗಂಟೆ ಹೊಡೆದಾಗ ಚೆಂಡು ಚರಂಡಿಗೆ ಉರುಳಿದರೂ ಒಬ್ಬನೂ ಕದಲಿದ್ದಿಲ್ಲ. ನಮ್ಮವರು ಮಾತ್ರವಲ್ಲ, ಮನಿಲಾ ತಂಡದಲ್ಲಿರುವ ನಮ್ಮ ಸೀಮೆಯ ಇಬ್ಬರೂ ನಿಂತರು. ಮೊದಲ ಮೂರು ಹೊಡೆತ ಮುಗಿದು ಗಂಟೆ ಒಂದು ಕ್ಷಣ ತಡೆಯಿತು. ದಾದೊಯ್ ಎದೆ ಒಡೆಯುವ ಹಾಗೆ "ಆಡ್ರೋ! ಸೀಟಿ ಊದಿಲ್ಲ! ಆಡ್ರೋ ಹಾಳಾದವ್ರಾ!" ಎಂದು ಕಿರುಚಿದ. ಎಲ್ಲರೂ ಬೆಚ್ಚಿ ಓಡಿದರು. ಜೋಬೆರ್ತ್ ಓಡಲಿಲ್ಲ. ಕೈ ಕಟ್ಟಿ, ತಲೆ ಬಗ್ಗಿಸಿ ಹಾಗೇ ನಿಂತಿದ್ದ. ಗಂಟೆ ಮತ್ತೆ ಮೂರು ಹೊಡೆಯಿತು. ಚೆಂಡು ಅವನ ಪಕ್ಕದಲ್ಲೇ ಉರುಳಿ ಬಂತು, ಕಾಲು ಚಾಚಿದ್ದರೆ ಸಿಗುತ್ತಿತ್ತು. ನಾನು "ಜೋಬೆರ್ತ್!" ಎಂದು ಕೂಗಿದೆ. ಗಂಟೆಯ ಮಧ್ಯೆ ಕೂಗಿದ ಪಾಪ ನನ್ನದು, ದೇವಮಾತೆ ಮನ್ನಿಸಲಿ. ತೋಬಿಯಾಸ್ ಅವನ ಪಕ್ಕದಿಂದ ದಾಟಿಹೋಗಿ ಗೋಲು ಹಾಕಿದ. ನಮ್ಮ ಊರಿನ ಮೈದಾನದಲ್ಲಿ, ಸಂಜೆಯ ಗಂಟೆ ಇನ್ನೂ ಹೊಡೆಯುತ್ತಿರುವಾಗ.

ರೆಫರಿಯದು ತಪ್ಪಿಲ್ಲ, ಅವನು ಸೀಟಿ ಊದಿರಲಿಲ್ಲ. ಸೋತೆವು. ಮನಿಲಾದವರು ನಾಲ್ಕನೆಯವರಾದರು, ನಾವು ಐದನೆಯವರು. ಜನ ನಿಂತವನ ಮೇಲೆ ಬಿದ್ದರು. ಉಳಿದವರು ಒಂದು ಕ್ಷಣ ನಿಂತದ್ದು ಯಾರಿಗೂ ನೆನಪಿಲ್ಲ, ಇವನು ಪೂರ್ತಿ ನಿಂತದ್ದೇ ಎಲ್ಲರ ಕಣ್ಣಿಗೆ ಬಿದ್ದದ್ದು. ಈಗ ಅವನಿಗೆ "ಕಂಬ" ಎಂದು ಹೆಸರು. ಟ್ರೈಸಿಕಲ್ ಓಡಿಸುವವರು ಅವನನ್ನು ಕಂಡರೆ "ಏ ಕಂಬ, ಪಕ್ಕಕ್ಕೆ ಸರಿಯೋ, ಗಾಡಿ ಹೋಗ್ಬೇಕು!" ಎನ್ನುತ್ತಾರೆ. ದಾದೊಯ್ ಎಲ್ಲರ ಮುಂದೆ ಅವನ ಭುಜ ಹಿಡಿದು ಅಲುಗಾಡಿಸಿ "ಯಾಕೋ ನಿಂತೆ? ಏಟು ಬಿದ್ದು ತಲೆ ತಿರುಗ್ತೇನೋ? ಹೇಳೋ!" ಎಂದು ಕೇಳಿದ. ಹೌದು, ತಲೆ ತಿರುಗಿತು ಎಂದಿದ್ದರೆ ಮುಗಿಯುತ್ತಿತ್ತು, ಮೂಗಿನ ರಕ್ತವೇ ಸಾಕ್ಷಿ ಹೇಳುತ್ತಿತ್ತು. ಅವನು "ಇಲ್ಲ ಕೋಚ್" ಎಂದು ಮಾತ್ರ ಹೇಳಿ ಬೂಟು ಬಿಚ್ಚತೊಡಗಿದ.

ಭಾನುವಾರ ಬೆಳಿಗ್ಗೆ ನಿನ್ನ ಸಂದೇಶ ಬಂತು. "ಕ್ಷೇಮ. ಬಂದರಿಗೆ ಬಂದೆವು. ಸೋತರಂತೆ. ಮುಂದಿನ ಸೋಮವಾರ ಅವನನ್ನು ಮನಿಲಾಕ್ಕೆ ಹಡಗಿನ ಕೆಲಸದ ವೈದ್ಯರ ತಪಾಸಣೆಗೆ ಕಳಿಸು." ಮೊದಲ ಪದ ಓದಿ ನಾನು ಒಲೆಯ ಮುಂದೆ ಕುಳಿತು ಅತ್ತೆ, ಮಿಕ್ಕದ್ದನ್ನು ಓದಿ ನಿನ್ನನ್ನು ಬೈದೆ. ಜೋಬೆರ್ತ್ ಫೋನ್ ಇಸಿದುಕೊಂಡು ಬಹಳ ಹೊತ್ತು ನೋಡಿದ. ಅವನೂ ಆ ಮೊದಲ ಪದವನ್ನೇ ನೋಡುತ್ತಿದ್ದ ಎಂದು ನನಗೆ ಅನ್ನಿಸಿತು. ಮಧ್ಯಾಹ್ನ ಹೋಗಿ ಹಡಗಿನವರು ಕೇಳುವ ಹಾಗೆ ಕೂದಲು ಕತ್ತರಿಸಿಕೊಂಡು ಬಂದ, ಕಿವಿ ಎರಡೂ ಹೊರಗೆ ಕಾಣುತ್ತಿವೆ. ಅದೇ ಹೊತ್ತಿಗೆ ತೋಬಿಯಾಸ್‌ನ ತಾಯಿ ದುಮಾಂಗಾಸ್‌ನ ತವರುಮನೆಯಿಂದ ಒಂದು ತಟ್ಟೆ ಶ್ಯಾವಿಗೆ ಹೊತ್ತು ಬಂದಳು, ಹಿಂದೆ ಆ ಉದ್ದನೆಯ ಮಗ. ನನ್ನ ಅಂಗಡಿಯ ಬಾಗಿಲಲ್ಲೇ ಅವನ ಕಿವಿ ಹಿಡಿಯಲು ತುದಿಗಾಲಲ್ಲಿ ನಿಂತು "ಕ್ಷಮೆ ಕೇಳೋ! ಗಂಟೆ ಕೇಳಿಸ್ಲಿಲ್ವೇನೋ ನಿಂಗೆ? ನನ್ನ ಮಾನ ಕಳೆದೆಯಲ್ಲೋ!" ಎಂದಳು. ಆ ಹುಡುಗ ಕೆಂಪಗಾಗಿ "ನಂಗೆ ಗೊತ್ತಿರ್ಲಿಲ್ಲ, ಗಂಟೆ ಅಂದ್ರೆ ಟೈಮು ಅಂದ್ಕೊಂಡೆ" ಎಂದ. ಜೋಬೆರ್ತ್ ಅವನ ಬೆನ್ನು ತಟ್ಟಿ "ಆಟ ಅಲ್ವಾ, ನೀನು ಆಡ್ದೆ" ಎಂದು ಶ್ಯಾವಿಗೆ ಬಡಿಸಿದ. ನಿನ್ನೆ ದಾದೊಯ್ ಕೂಡ ಬಂದಿದ್ದ. "ಪುರಿಂಗಕ್ಕಾ, ಅವನು ಮುಂದಿನ ವರ್ಷ ನಂಗೆ ಬೇಕು. ಇಂಥ ಹುಡುಗ ಇನ್ನೊಬ್ಬ ಸಿಗಲ್ಲ. ಗಂಟೆ ವಿಷಯ ನಾನು ಪಾದ್ರಿ ಹತ್ರ ಮಾತಾಡ್ಕೋತೀನಿ" ಎಂದ. ನಿನ್ನ ಮಗ ಏನೆಂದ ಗೊತ್ತೇ? "ಅಪ್ಪನಿಗೆ ಮಾತು ಕೊಟ್ಟಿದೀನಿ ಕೋಚ್." ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಾನೆ. ಹೋಗಿ ಬರುವಾಗಲೆಲ್ಲ ನಾನು ಅದನ್ನು ಎಡವುತ್ತೇನೆ.

ಇನ್ನು ನಾನೇನು ಹೇಳಲಿ? ನೀನು ತಂದೆ, ಅವನು ಮಗ, ನಾನು ನಡುವೆ ಅನ್ನ ಬೇಯಿಸುವವಳು. ಅವನು ನಿಂತದ್ದನ್ನು ಯಾರೋ ಹಿಡಿದು ಅಂತರ್ಜಾಲಕ್ಕೆ ಹಾಕಿದ ಹಾಳು ವಿಡಿಯೋವನ್ನು ನಿನ್ನ ಹಡಗಿನವರೂ ನೋಡಿ ನಕ್ಕಿರಬಹುದು. ನಕ್ಕವರಿಗೆ ಒಣಮೀನು ಕೊಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಸಿಗರೇಟು ಕಡಿಮೆ ಮಾಡು, ನಿನ್ನ ಕ್ಯಾಪ್ಟನ್‌ಗೆ ನನ್ನ ನಮಸ್ಕಾರ ಹೇಳು. ಸಮುದ್ರದ ಮೇಲಿರುವ ಎಲ್ಲರನ್ನೂ ದೇವಮಾತೆ ತನ್ನ ಸೆರಗಿನಲ್ಲಿ ಕಾಯಲಿ, ನಿನ್ನನ್ನು ಒಂದು ಹಿಡಿ ಹೆಚ್ಚು ಕಾಯಲಿ.

ನಿನ್ನ ಅಕ್ಕ,
ಪುರಿಂಗ್

ತಾ.ಕ.: ರೋನೆಲ್ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಒಣಮೀನಿನ ಕಟ್ಟಿಗೆ ಹಗ್ಗ ಬಿಗಿಯುತ್ತಿದ್ದ ಜೋಬೆರ್ತನನ್ನು ಈಗಷ್ಟೇ ತಡೆಯಲಾರದೆ ಕೇಳಿಬಿಟ್ಟೆ: "ಕೋಚ್‌ಗೆ ಹೇಳ್ಬೇಡ, ಊರಿಗೆ ಹೇಳ್ಬೇಡ, ನಂಗಾದ್ರೂ ಹೇಳೋ. ಎಲ್ಲರೂ ಓಡಿದಾಗ ನೀನ್ಯಾಕೆ ನಿಂತೆ?" ಅವನು ಹಗ್ಗ ನೋಡುತ್ತಲೇ ಹೇಳಿದ: "ಅಮ್ಮ ತೀರಿಕೊಂಡ ವರ್ಷ ಅಜ್ಜಿ ಹೇಳ್ಕೊಟ್ಟಿದ್ದು ಅತ್ತೆ. ಗಂಟೆ ಪೂರ್ತಿ ಮುಗಿಯೋವರೆಗೂ ಅಪ್ಪನಿಗೋಸ್ಕರ ನಿಂತ್ಕೋ, ಅಪ್ಪ ನೀರಿಂದ ಮನೆಗೆ ಬರ್ತಾನೆ ಅಂತ. ಅವತ್ತಿಂದ ದಿನಾ ನಿಲ್ತೀನಿ. ಶನಿವಾರ ಅಪ್ಪನ ಹಡಗಿನ ಸುದ್ದಿನೇ ಇರ್ಲಿಲ್ಲ. ಅರ್ಧಕ್ಕೆ ಬಿಟ್ಟು ಹೇಗೆ ಓಡ್ಲಿ?" ಚೆಂಡು ಬಂದದ್ದು ಅವನಿಗೆ ಕಾಣಿಸುತ್ತಿತ್ತಂತೆ, ನಿನ್ನ ಷರತ್ತೂ ನೆನಪಿತ್ತಂತೆ. ಇದನ್ನು ನಿನಗೆ ತಿಳಿಸಬಾರದೆಂದು ನನ್ನ ಕೈ ಹಿಡಿದು ಕೇಳಿಕೊಂಡ, ನಾನು ತಲೆಯಾಡಿಸಿ ಒಳಗೆ ಬಂದು ಬರೆಯುತ್ತಿದ್ದೇನೆ. ನಾನು ಬೇಡವೆಂದರೆ ಅವನು ಕೇಳುವುದಿಲ್ಲ, ಸೋಮವಾರ ಹೊರಟೇ ಹೊರಡುತ್ತಾನೆ. ಬೇಡವೆಂದು ನೀನೇ ಹೇಳಬೇಕು, ಇದನ್ನು ಓದಿದ ದಿನವೇ ಹೇಳಬೇಕು. ಆ ಗೋಲನ್ನು ಅವನ ಲೆಕ್ಕಕ್ಕೆ ಹಾಕಬೇಡ ಸಿಯಾನೊ, ನಿನ್ನ ಲೆಕ್ಕಕ್ಕೆ ಬರೆದುಕೋ.