ಫಲಕ ಹಾಕಿದವನು

ಮಾನ್ಯ ನಿರ್ದೇಶಕಿ ಹೇಗರ್ಟಿ ಅವರಿಗೆ,

ಓಹಾಯೋದ ನಮ್ಮ ಸಮುದಾಯ ಕಾಲೇಜುಗಳ ಪೈಕಿ ಕೋರ್ಸು ಪೂರ್ತಿ ಮಾಡುವವರು ನಮ್ಮಲ್ಲೇ ಹೆಚ್ಚು ಎಂದು ನೀವು ಕಳಿಸಿದ ಫಲಕ ತಲುಪಿದೆ. ನನ್ನ ಮರಗೆಲಸದ ತರಗತಿಯನ್ನು ಮುಚ್ಚಿಸಿದ್ದರ ಫಲವಿದು. ನನ್ನ ಹುಡುಗರು ಬಾಗಿಲು ಕೂರಿಸುವಷ್ಟು ಕಲಿತ ಕೂಡಲೇ ಕೆಲಸ ಸಿಕ್ಕಿ ಹೊರಟುಬಿಡುತ್ತಿದ್ದರು. ನಿಮ್ಮ ಲೆಕ್ಕದಲ್ಲಿ ಅವರೆಲ್ಲ ಅರ್ಧಕ್ಕೆ ಬಿಟ್ಟವರು. ಸಭೆ ಸಭೆಯಲ್ಲೂ ಹೇಳಿ ಸಾಕಾಗಿದೆ, ಮತ್ತೆ ಹೇಳುವುದಿಲ್ಲ.

ಬೀಗ ಹಾಕಿದ ಆ ಕೊಠಡಿಯೊಳಗೆ ನನ್ನ ಸ್ವಂತ ಸುತ್ತಿಗೆ ಉಳಿದಿದೆ, ದಯವಿಟ್ಟು ತೆಗೆಸಿಕೊಡಿ. ಅದಿಲ್ಲದೆ ಫಲಕ ಹಾಕಲು ಹೊರಗಿನಿಂದ ಬಡಗಿಯನ್ನು ಕರೆಸಬೇಕಾಯಿತು. ಬಂದವನು ಡ್ವೇನ್, ಹೋದ ವರ್ಷ ನನ್ನ ತರಗತಿ ಬಿಟ್ಟವನು. ಫಲಕ ಓದಿ ನಕ್ಕ.

“ಏನ್ ಸಾರ್, ನಾನು ಹೋಗಿದ್ದಕ್ಕೆ ಬಹುಮಾನ ಬಂತಾ?”

ನೆಟ್ಟಗೆ ಹಾಕಿದ. ಹೊರಡುವಾಗ ಕೇಳಿದ: “ನಮ್ ಕಂಟ್ರಾಕ್ಟರು ಇನ್ನಿಬ್ರು ಬೇಕು ಅಂತಿದಾರೆ. ನಿಮ್ ಹುಡುಗ್ರನ್ನ ಕಳಿಸ್ತೀರಾ ಸಾರ್?”

“ಈಗ ನಮ್ಮಲ್ಲಿ ಅರ್ಧಕ್ಕೆ ಬಿಡೋರು ಯಾರೂ ಇಲ್ಲಪ್ಪ” ಎಂದೆ.

ಇತಿ,
ಗ್ಲೆನ್ ವಿಟಾಕರ್
ಹಿಂದೆ ಮರಗೆಲಸದ ಮೇಷ್ಟ್ರು, ಈಗ ಹಾಜರಾತಿ ವಿಭಾಗ