ನೀರು ಯಾವ ಬಣ್ಣ?

ಕಾರ್ಕ್, ಫೆಬ್ರವರಿ ೨೦೨೧

ಮಾವ, ನಮಸ್ಕಾರ. ಹೇಮಾವತಿ ದಂಡೆಯಲ್ಲಿ ಗಾಳ ಹಿಡಿದು ಕೂರುವವರು ನೀವು, ನ್ಯಾಯ ನೀವೇ ಹೇಳಿ. ಇಲ್ಲೀಗ ಸಾಲ್ಮನ್ ಮೀನು ಹಿಡಿಯುವ ಕಾಲ. ಆದರೆ ಲಾಕ್‌ಡೌನ್, ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ನಮ್ಮ ಮನೆ ಮಾಲೀಕ ಡೋನಲ್ ದೂರದೂರಿನಲ್ಲಿ ಸಿಕ್ಕಿಬಿದ್ದಿದ್ದಾನೆ, ನದಿ ನನ್ನ ಕಿಟಕಿಯ ಕೆಳಗಿದೆ. ಬೆಳಗಾದರೆ ಅವನ ಫೋನು: "ನೀರು ಏರಿದ್ಯಾ? ಸೇತುವೆ ಬುಡದ ಕಲ್ಲು ಕಾಣ್ತಿದ್ಯಾ?"

ಹೋದ ವಾರ ನನಗೆ ಕೋವಿಡ್ ಬಂತು. ಎದ್ದು ನಿಲ್ಲಲೂ ಆಗುತ್ತಿಲ್ಲ ಎಂದೆ. ಇಲ್ಲಿಯವರು ಏನು ಹೇಳಿದರೂ ‘ಗ್ರ್ಯಾಂಡ್’ ಅನ್ನುತ್ತಾರೆ, ‘ಸರಿ ಬಿಡು’ ಅಂತ. "ಗ್ರ್ಯಾಂಡ್, ಗ್ರ್ಯಾಂಡ್. ಹಾಗೇ ಕಿಟಕಿ ತನಕ ಹೋಗಿ ನೋಡು, ನೀರು ಯಾವ ಬಣ್ಣ?" ಅಂದನಲ್ಲ ಮಹಾರಾಯ! ಗೋಡೆ ಹಿಡಿದುಕೊಂಡು ಹೋಗಿ ನೋಡಿ ಹೇಳಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಈಗ ಜ್ವರ ಬಿಟ್ಟಿದೆ, ನಾಲಿಗೆಗೆ ಉಪ್ಪು ಹುಳಿ ಮಾತ್ರ ಗೊತ್ತಾಗುತ್ತಿಲ್ಲ. ಅಮ್ಮನಿಗೆ ಓದಿ ಹೇಳುವಾಗ ಕಾಯಿಲೆಯ ವಿಷಯ ಬಿಟ್ಟುಬಿಡಿ.

ಇವತ್ತು ನೀರು ತಿಳಿಯಾಗಿದೆ. ಆ ಕಲ್ಲಿನ ಪಕ್ಕದಲ್ಲೇ ತೋಳುದ್ದದ ಸಾಲ್ಮನ್ ಫಳಾರನೆ ಎಗರಿ ಬಿತ್ತು. ಅಷ್ಟರಲ್ಲಿ ಫೋನು ಬಂತು. "ಬರೀ ಕೆಸರು, ಒಂದು ಮೀನೂ ಇಲ್ಲ" ಎಂದೆ. ಅವನು ಉಸ್ಸೆಂದ. ನನ್ನ ಅರ್ಧ ಕಾಯಿಲೆ ಅಲ್ಲೇ ವಾಸಿಯಾಯಿತು.

ಕಾಗದದಲ್ಲಿ ಜಾಗ ಮುಗಿಯಿತು.
ಸಿಂಚನಾ