ಕಣ ದಾಟುವ ಚೀಟಿ

೪ ಡಿಸೆಂಬರ್ ೧೯೫೭, ಚೆಟ್ಟಳ್ಳಿ

ಕಾಫಿ ಎಸ್ಟೇಟಿನ ಹಾಜರಿ ಬರೆದೆ, ರೈಟರ್ ಗುಮಾಸ್ತನ ನಿತ್ಯಕರ್ಮ. ನಲವತ್ತೊಂದು ಜನ, ಹದಿನಾರು ಕೆಮ್ಮು. ಟಪಾಲಿನಲ್ಲಿ ನನ್ನ ಕಥೆ ವಾಪಸ್. ಮಡಿಕೇರಿಯಲ್ಲಿ ಕೈಬರಹದ ಪತ್ರಿಕೆ ನಡೆಸುವ ಶಿವಶಂಕರಪ್ಪ ಮೇಷ್ಟ್ರ ಕೆಂಪು ಇಂಕು: “ಕ್ರಿ.ಶ. ೨೦೫೭ರ ನಿಮ್ಮ ಕರಾಳ ರಾಜ್ಯ ಸರಿಯೇ. ಆದರೆ ನಿಮ್ಮ ಅಧಿಕಾರಿಗೆ ದುಡ್ಡು ಬೇಡ, ಹೊಗಳಿಕೆ ಬೇಡ. ಮತ್ತೆ ಜನರನ್ನು ಯಾಕೆ ಕಾಡುತ್ತಾನೆ? ಅಧಿಕಾರಕ್ಕಾಗಿಯೇ ಅಧಿಕಾರ ಎಂದರೆ ಯಾರೂ ನಂಬುವುದಿಲ್ಲ.”

ಸಾಹಿತ್ಯಲೋಕಕ್ಕಾದ ನಷ್ಟಕ್ಕೆ ಎರಡು ನಿಮಿಷ ಮೌನ ಆಚರಿಸಿದೆ. ನಂತರ ಠರಾವು— ಪುರಾವೆ ಒದಗಿಸತಕ್ಕದ್ದು.

೬ ಡಿಸೆಂಬರ್

ಧಣಿ ಜಯಪ್ಪನವರು ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾರೆ. ಶುಭಮುಹೂರ್ತ. ಕೊಡಗು ಮೈಸೂರಿಗೆ ಸೇರಿದ ಮೇಲೆ ವಾರಕ್ಕೊಂದು ಹೊಸ ಸರ್ಕ್ಯುಲರ್... ಇನ್ನೊಂದು ಬಂದರೆ ಯಾರಿಗೆ ಸಂಶಯ? ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಆಲೂಗಡ್ಡೆ ಕೊರೆದು ಸರ್ಕಾರದ ಸೀಲ್ ಒತ್ತಿದೆ. ಹಾಜರಿ ಹೊತ್ತಿಗೆ ಓದಿ ಅರ್ಥ ಹೇಳಿದೆ: ಕಾಫಿ ಒಣಗಿಸುವ ಕಣವನ್ನು ಚೀಟಿ ಇಲ್ಲದೆ ಯಾರೂ ದಾಟಕೂಡದು. ಚೀಟಿ ಕೊಡುವ ಅಧಿಕಾರ ಕಣದ ಕಾವಲಿನ ನಾಣಯ್ಯನದು.

ಅವನನ್ನು ಆರಿಸಿದ್ದು ಬೇಕೆಂದೇ. ಕಾಗೆಯನ್ನೂ ಮೆಲ್ಲಗೆ ಓಡಿಸುವ ಮನುಷ್ಯ.

೧೧ ಡಿಸೆಂಬರ್

ನಾಣಯ್ಯ ಹಳೆಯ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಿದ್ದಾನೆ! ಕೂಲಿಯ ವನಜಮ್ಮ ಚೀಟಿಗೆಂದು ಒಂದು ಚಿಪ್ಪು ಬಾಳೆಹಣ್ಣು ತಂದಳು. ಅವನು ಮುಟ್ಟಲಿಲ್ಲ.

“ಮತ್ತೆ ಎಂತ ಬೇಕು ನಿಂಗೆ?”

“ಎಂತದೂ ಬೇಡ. ಅಲ್ಲಿ ನಿಲ್ಲು.”

ಅರ್ಧ ಗಂಟೆ ನಿಲ್ಲಿಸಿ ಚೀಟಿ ಕೊಟ್ಟ. ಮೇಷ್ಟ್ರೇ, ಸಾಕ್ಷಿ ನಂಬರ್ ಒಂದು.

೧೬ ಡಿಸೆಂಬರ್

ಐದು ದಿನ ಬರೆಯುವ ಮನಸ್ಸಾಗಲಿಲ್ಲ. ಕೂಲಿ ಲೈನಿನ ಮನೆಗಳ ನಾಲ್ಕು ಜನ ದೊಣ್ಣೆ ಹಿಡಿದು ಅವನ ಜೊತೆ ನಿಂತಿದ್ದಾರೆ. ಯಾರೂ ಕರೆದಿರಲಿಲ್ಲ. ಕೆಳಗಿನ ದಾರಿಯಲ್ಲಿ ಆನೆ. ರಸ್ತೆಗೆ ಹೋಗಲು ಕಣವೇ ಗತಿ.

ಪಕ್ಕದ ಮನೆಯ ನೀಲಾವತಿ ಬಂದಳು.

“ಪದ್ಮಣ್ಣ, ಗುರುವಾರ ಮಡಿಕೇರಿಲಿ ಟೀಚರ್ ಟ್ರೈನಿಂಗಿನ ಇಂಟರ್‌ವ್ಯೂ. ಎಂಟು ಗಂಟೆ ಬಸ್ಸು. ನಾಣಯ್ಯಣ್ಣ ಚೀಟಿ ಇಲ್ಲೆ ಹೇಳ್ತಾನೆ. ಈ ಸಲ ತಪ್ಪಿದ್ರೆ ಅಪ್ಪ ಇನ್ನೊಮ್ಮೆ ಕಳ್ಸುದಿಲ್ಲೆ.”

ನಾಳೆಯೇ ನಿಜ ಹೇಳಿಬಿಡಬೇಕು.

೧೭, ಮಧ್ಯಾಹ್ನ ಮೂರು

ಹೇಳಿಬಿಟ್ಟೆ. ಮೊದಲು ದೊಣ್ಣೆಯವರಲ್ಲಿ ಹಿರಿಯ ಕರಿಬಸಪ್ಪನಿಗೆ. ನಕ್ಕ. “ಸರ್ಕಾರದ ಸೀಲೈತೆ ರೈಟ್ರೇ. ನಿಮ್ ತಮಾಷೆ ಎಲ್ಲ್ರಿಗೂ ಗೊತ್ತು.”

ನಾಣಯ್ಯನನ್ನು ಕಣದ ಮೂಲೆಗೆ ಕರೆದೆ. ಅದು ನನ್ನ ಕಿತಾಪತಿ, ಸೀಲು ಆಲೂಗಡ್ಡೆ ಎಂದೆ.

“ಗೊತ್ತುಟ್ಟು.”

“ಯಾವಾಗಿಂದ?”

“ನೀ ಓದಿದ ದಿನವೇ.”

“ಮತ್ತೆ ಎಂತಕ್ಕೆ ನಾಣಯ್ಯಣ್ಣ? ನೀಲಾವತಿ ಮೇಲೆ ಸಿಟ್ಟಾ? ಧಣಿ ಮೇಲೆ?”

ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ.

“ಯಾರ ಮೇಲೂ ಇಲ್ಲೆ. ನಿಲ್ಲು ಹೇಳ್ತೇನೆ, ನಿಲ್ತಾರೆ. ಅಷ್ಟೇ.”

ಕಥೆಯ ನನ್ನ ಅಧಿಕಾರಿಯ ಮಾತೇ ಇದು. ಬರೆದಾಗ ಹೆದರಿಕೆ ಆಗಿರಲಿಲ್ಲ.

೧೯, ಗುರುವಾರ, ಬೆಳಿಗ್ಗೆ ೮.೨೦

ನಿನ್ನೆ ಎರಡನೆಯ ಸರ್ಕ್ಯುಲರ್ ಮಾಡಿದೆ. ಬೇರೆ ದಾರಿ ತೋಚಲಿಲ್ಲ. ನಾಣಯ್ಯನಿಗಿಂತ ಮೇಲಿನ ಅಧಿಕಾರಿ: ರೈಟರ್ ಪದ್ಮಯ್ಯ, ಅಂದರೆ ನಾನೇ. ಇನ್ನೂ ದೊಡ್ಡ ಸೀಲು.

ಏಳೂವರೆಗೆ ನೀಲಾವತಿ ಇಸ್ತ್ರಿ ಸೀರೆಯುಟ್ಟು ಕಣದ ಅಂಚಿನಲ್ಲಿ. ದೊಣ್ಣೆಗಳು ಅಡ್ಡ. ಹೊಸ ಸರ್ಕ್ಯುಲರ್ ಓದಿದೆ. ಕರಿಬಸಪ್ಪ ಸೀಲು ನೋಡಿದ, ದೊಣ್ಣೆ ಇಳಿಸಿದ. ನಾಣಯ್ಯ ಕಾಫಿ ಹರಡಲು ಹೋದ. ಅವಳು ಓಡಿದಳು. ಬಸ್ಸು ಸಿಕ್ಕಿತು, ಇಲ್ಲಿಂದಲೇ ಕಂಡಿತು. ದೇವರು ದೊಡ್ಡವನು.

ಕಾಗದ ಹರಿದು ಹಾಕಬೇಕಿತ್ತು. ಕರಿಬಸಪ್ಪ ಕೈಕಟ್ಟಿ ಕೇಳಿದ, “ನಾನು ಹೋಗ್ಲಾ ರೈಟ್ರೇ?” ಹೋಗು ಅನ್ನುವುದಿತ್ತು. ಸುಮ್ಮನೆ, ನೋಡೋಣವೆಂದು, “ನಿಲ್ಲು” ಅಂದೆ.

ನಿಂತ.

ಆಫೀಸಿಗೆ ಬಂದು ಇಷ್ಟೂ ಬರೆದೆ. ಕಿಟಕಿಯಿಂದ ಕಾಣುತ್ತಾನೆ. ಬಿಸಿಲು ಅವನ ಮೇಲೆ ಬಂದಿದೆ, ಕದಲಿಲ್ಲ. ಈಗಲೇ ಹೋಗಿ ಹೇಳಬೇಕು. ಈ ಸಾಲೊಂದು ಮುಗಿಸಿ... ಇನ್ನು ಐದು ನಿಮಿಷ—